ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಕಾಲ

ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ, ಯಾವುದೋ ಒಂದು ಬೆಳಿಗ್ಗೆ, ನಮ್ಮ ಬಚ್ಚಲ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಬಾಟಲಿ ಯಾರಿಗೂ ಹೇಳದೆ ಕೇಳದೆ ಬೆಳ್ಳಗಾಗಿಬಿಡುತ್ತದೆ. ಹಿಂದಿನ ದಿನದವರೆಗೆ ನೀರಿನಂತೆ ಹರಿಯುತ್ತಿದ್ದ ಪದಾರ್ಥ ಅಂದು ಮೇಣದಂತೆ ಬಿಗಿದು ಕೂತಿರುತ್ತದೆ. ಮೊಮ್ಮಗಳು ಬಾಚಣಿಗೆಯ ಹಿಡಿಯಿಂದ ಅದನ್ನು ಕೆದಕುತ್ತಾಳೆ. ಸೊಸೆ ಬಾಟಲಿಯನ್ನು ಅವಳ ಕೈಯಿಂದ ಕಿತ್ತು ಹಿತ್ತಲ ಗೋಡೆಯ ಮೇಲೆ ಬಿಸಿಲಿಗಿಡುತ್ತಾಳೆ. ಇಬ್ಬರಿಗೂ ಇದೊಂದು ಸಂಗತಿಯೇ ಅಲ್ಲ. ನನಗೆ ಮಾತ್ರ ಅದನ್ನು ಕಂಡೊಡನೆ ಸಿಟ್ಟು ಬರುತ್ತದೆ.

"ಮಾವನೋರಿಗೆ ಎಣ್ಣೆ ಮೇಲೆ ಅದೇನು ಕೋಪವೋ" ಎಂದು ಸೊಸೆ ಪ್ರತಿ ವರ್ಷವೂ ಹೇಳುತ್ತಾಳೆ.

ಎಣ್ಣೆ ನನಗೇನೂ ಮಾಡಿಲ್ಲ. ಕೋಪವೆಲ್ಲ ಚೇಳೂರಿನಲ್ಲಿರುವ ನನ್ನ ಅಣ್ಣನ ಮೇಲೆ.

ನನಗೆ ಈಚೆಗೆ ಮರೆವು ಹೆಚ್ಚಾಗಿದೆ ಎಂದು ಮನೆಯವರು ದೂರುತ್ತಾರೆ. ಕನ್ನಡಕ ಇಟ್ಟ ಜಾಗ, ಔಷಧಿಯ ಹೊತ್ತು, ತರಕಾರಿ ತರಲು ಹೇಳಿದ್ದು ಇವೆಲ್ಲ ಮರೆಯುತ್ತವೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನನ್ನನ್ನು ಕುರಿತು ಯಾರು, ಯಾವ ಜಗಲಿಯ ಮೇಲೆ ಕೂತು, ಬಾಯಲ್ಲಿ ಎಲೆಯಡಿಕೆ ಇತ್ತೋ ಇಲ್ಲವೋ, ಏನೆಂದರು ಎಂಬುದರಲ್ಲಿ ಒಂದಕ್ಷರವೂ ಸವೆದಿಲ್ಲ. ಗುಬ್ಬಿಯ ಒಂದು ಮದುವೆಯಲ್ಲಿ ಎರಡನೆಯ ಸಲ ಹೋಳಿಗೆ ಬಡಿಸಲು ಬಂದವರು ನನ್ನ ಎಲೆಯನ್ನು ದಾಟಿ ಪಕ್ಕದ ಎಲೆಗೆ ಹಾಕಿಕೊಂಡು ಹೋದರು. ಆಗ ನನಗೆ ಮೀಸೆ ಬಂದಿರಲಿಲ್ಲ. ಬಡಿಸಿದವರ ಮುಖ ಇವತ್ತು ಸಂತೆಯಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ. ಇದು ಗುಣವೋ ದೋಷವೋ ನಾನರಿಯೆ. ಇಷ್ಟು ಕಾಲ ಮನೆಮಂದಿಯೆಲ್ಲ ನನ್ನೊಡನೆ ಎಚ್ಚರಿಕೆಯಿಂದ ಮಾತನಾಡಿದ್ದಾರೆ ಎಂಬುದಷ್ಟೇ ಅದರಿಂದಾದ ಲಾಭ.

ನಮ್ಮದು ಚೇಳೂರಿನ ಕೊಬ್ಬರಿಯ ಮನೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಅದರ ಗೊಡವೆಗೇ ಹೋಗದೆ ಇದ್ದರೆ, ಒಳಗಿನ ನೀರು ಇಂಗಿ ಕಾಯಿ ತಾನಾಗಿ ಕೊಬ್ಬರಿಯಾಗುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಕೇಳಬೇಕು. ಮಕ್ಕಳಾಗಿದ್ದಾಗ ನಾವು ಏನನ್ನು ಕೊಟ್ಟರೂ ಮೊದಲು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದೆವು. ಇಂಥ ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಇದ್ದ ಮರ್ಯಾದೆಯನ್ನು ನೀವು ಊಹಿಸಿಕೊಳ್ಳಬಹುದು. ತಲೆಗೆ ಅದು, ಮೈಗೆ ಅದು, ದೇವರ ದೀಪಕ್ಕೆ ಅದು. ಕಿರುಗುಟ್ಟುವ ಬಾಗಿಲಿಗೆ, ಬಿಗಿದ ಬೀಗಕ್ಕೆ, ಅವ್ವನ ಹೊಲಿಗೆ ಯಂತ್ರಕ್ಕೆ, ಬಿದ್ದು ತರಚಿದ ಮೊಣಕಾಲಿಗೆ ಎಲ್ಲಕ್ಕೂ ಅದೇ. ಅಪ್ಪನ ಪ್ರಕಾರ ಲೋಕದಲ್ಲಿ ಕೊಬ್ಬರಿ ಎಣ್ಣೆಯಿಂದ ಸರಿಹೋಗದ ವಸ್ತು ಎಂದರೆ ನೆಂಟರು ಮಾತ್ರ.

ಈ ಅಪ್ಪ ನಾನು ಚಿಕ್ಕವನಾಗಿದ್ದಾಗ ಒಂದು ಗಾಡಿ ತಂದರು. ಸೈನ್ಯದವರು ಹರಾಜಿಗೆ ಹಾಕಿದ ಹಳೆಯ ಪಿಕಪ್ ಅದು. ಮುಂಭಾಗ ಜೀಪಿನದು, ಹಿಂಭಾಗ ತೆರೆದ ಪುಟ್ಟ ಲಾರಿಯದು. ಊರವರು ಅದನ್ನು ಮಿಲ್ಟ್ರಿ ಗಾಡಿ ಎಂದು ಕರೆದರು. ಬೇರೆ ಗಾಡಿಗಳಿಗೆ ಹಿಂದಿನ ಎರಡು ಗಾಲಿಗಳಲ್ಲಷ್ಟೇ ಶಕ್ತಿ. ಇದಕ್ಕೆ ಗೇರಿನ ಪಕ್ಕದಲ್ಲಿ ಕೆಂಪು ಗುಂಡಿನ ಇನ್ನೊಂದು ಗಿಡ್ಡ ಲಿವರ್ ಇತ್ತು. ಅದನ್ನು ಎಳೆದರೆ ಮುಂದಿನ ಗಾಲಿಗಳೂ ಎಚ್ಚೆತ್ತು ನಾಲ್ಕೂ ಸೇರಿ ಎಳೆಯುತ್ತಿದ್ದವು. ಮಳೆಗಾಲದಲ್ಲಿ ಎತ್ತಿನ ಗಾಡಿ ಹೂತುಹೋಗುವ ತೋಟದ ದಾರಿಯಲ್ಲಿ ಇದು ಕಾಯಿ ಹೇರಿಕೊಂಡು ಗೊಣಗುತ್ತಾ ಮೇಲೆ ಬರುತ್ತಿತ್ತು. ಅಂಥ ಜಾಗ ಬಂದಾಗ ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, "ಹಾಕು ಕಣ್ಲಾ" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ಅಣ್ಣ ಎರಡೂ ಕೈಯಿಂದ ಕೆಂಪು ಗುಂಡನ್ನು ಹಿಡಿದು ಎಳೆಯುತ್ತಿದ್ದ.

ನಾನು ಎಲ್ಲಿರುತ್ತಿದ್ದೆ ಎಂದು ನೀವು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ನಾನು ಹಿಂದೆ, ಕಾಯಿಯ ರಾಶಿಯ ಮೇಲೆ ಕೂತಿರುತ್ತಿದ್ದೆ. ಒಮ್ಮೆ ಗಾಡಿ ನಿಂತಿದ್ದಾಗ ಒಳಗೆ ಕೈ ಹಾಕಿ ಆ ಗುಂಡನ್ನು ಮುಟ್ಟಿದ್ದಕ್ಕೆ ಅಣ್ಣ, "ಸಣ್ಣೋನೆ, ತೆಗಿ ಕೈಯ" ಎಂದ. ನನಗಿಂತ ನಾಲ್ಕೇ ವರ್ಷ ದೊಡ್ಡವನು. ದನಿ ಮಾತ್ರ ಅಪ್ಪನದು.

ನಾನು ಕಾಲೇಜಿಗೆ ಸೇರಿದ ಮೇಲೆ ಒಂದು ದಿನ ಆ ಗಾಡಿ ನಮ್ಮ ಅಂಗಳದ ಕೆಳಗಿನ ಕೊಟ್ಟಿಗೆಯಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. ಅಷ್ಟರಲ್ಲಿ ಅಪ್ಪನೂ ತೀರಿಕೊಂಡರು. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡತೊಡಗಿದವು. ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದೆ. ಅಣ್ಣ ಕೊಬ್ಬರಿ ವ್ಯಾಪಾರ ನೋಡಿಕೊಂಡ.

ಎಪ್ಪತ್ತರ ದಶಕದ ನಡುವೆ ನಮ್ಮಿಬ್ಬರಿಗೂ ಭಾಗವಾಯಿತು. ಊರಿನ ನಾಲ್ಕು ಜನ ಹಿರಿಯರು ಜಗಲಿಯ ಮೇಲೆ ಕೂತಿದ್ದರು. ಮನೆ, ಅಂಗಳ, ಕೊಟ್ಟಿಗೆ ಅಣ್ಣನಿಗೆ ಹೋದವು. ತೋಟದಲ್ಲಿ ಒಂದು ಭಾಗ, ರಾಗಿ ಹೊಲ ನನಗೆ ಬಂದವು. ಅಲ್ಲಿಯವರೆಗೆ ಎಲ್ಲವೂ ಗಂಭೀರವಾಗಿ ನಡೆದಿತ್ತು. ಕೊನೆಗೆ ಒಬ್ಬ ಹಿರಿಯರು ಕೊಟ್ಟಿಗೆಯ ಕಡೆ ಗದ್ದ ತೋರಿಸಿ, "ಆ ಮಿಲ್ಟ್ರಿ ಗಾಡಿ ಯಾರಿಗಪ್ಪಾ?" ಎಂದರು.

ಅಣ್ಣ ಅಡಿಕೆ ಕತ್ತರಿಸುತ್ತಿದ್ದವನು ತಲೆ ಎತ್ತದೆಯೇ ಹೇಳಿದ: "ಸಣ್ಣೋನಿಗೇ ಬುಡಿ. ಅದೂ ನಿಂತೈತೆ, ಇವ್ನೂ ನಿಂತವ್ನೆ."

ಎಲ್ಲರೂ ನಕ್ಕರು. ಒಬ್ಬರಿಗಂತೂ ನಕ್ಕು ಎಲೆಯಡಿಕೆ ನೆತ್ತಿಗೆ ಹತ್ತಿತು. ನಾನು ಆಗ ಕೆಲಸಕ್ಕೆ ಸೇರಿದ ಶಾಲೆಯಲ್ಲೇ, ಸೇರಿದ ಹುದ್ದೆಯಲ್ಲೇ ಇದ್ದೆ. ನನ್ನ ಜೊತೆಯವರು ಮುಂದೆ ಹೋಗಿದ್ದರು. ಆದ್ದರಿಂದ ಆ ಮಾತು ಬರಿಯ ತಮಾಷೆಯಾಗಿರಲಿಲ್ಲ. ಕಾಯಿ ಸುಲಿಯುವ ಗೂಟದ ಹಾಗೆ ಸರಿಯಾದ ಜಾಗ ನೋಡಿ ಚುಚ್ಚಿದ ಮಾತಾಗಿತ್ತು. ನಾನು ಎದ್ದು ನಿಂತು, ಆ ಗಾಡಿಯನ್ನು ಓಡಿಸುತ್ತೇನೆಂದೂ ಓಡಿದ ದಿನ ಅಣ್ಣ ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೂ ಹೇಳಿದೆ.

"ಓಡ್ಲಿ ಬುಡು, ಆಮ್ಯಾಕೆ ನೋಡನ" ಎಂದ ಅಣ್ಣ.

ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ.

ಈ ವೈರದಲ್ಲಿ ಒಂದು ತೊಡಕಿತ್ತು. ಗಾಡಿ ನನ್ನದು, ಅದು ನಿಂತ ಕೊಟ್ಟಿಗೆ ಅವನದು. ಗಾಡಿಯನ್ನು ಅಲ್ಲಿಂದ ತೆಗೆಯಬೇಕಾದರೆ ಅದು ಓಡಬೇಕು. ಓಡಬೇಕಾದರೆ ನಾನು ಅಲ್ಲಿಗೇ ಹೋಗಿ ರಿಪೇರಿ ಮಾಡಬೇಕು. ಹೀಗಾಗಿ ಭಾನುವಾರ ಬಂತೆಂದರೆ ನಾನು ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಚೇಳೂರಿಗೆ ಬಸ್ಸು ಹಿಡಿದು, ಮಾತು ಬಿಟ್ಟವನ ಅಂಗಳದಲ್ಲೇ ಇಡೀ ದಿನ ಅವನ ಕಣ್ಣೆದುರು ಕಳೆಯುತ್ತಿದ್ದೆ. ಸ್ವಾಭಿಮಾನಕ್ಕೆ ಕುಂದು ಬರಬಾರದೆಂದು ಕುಡಿಯುವ ನೀರನ್ನೂ ತುಮಕೂರಿನಿಂದಲೇ ಒಯ್ಯುತ್ತಿದ್ದೆ. ಅಣ್ಣನ ಜೊತೆಗೇ ಇದ್ದ ಅವ್ವ ಮಧ್ಯಾಹ್ನ ರೊಟ್ಟಿ ತಂದು ಕೊಟ್ಟರೆ ತಿನ್ನುತ್ತಿದ್ದೆ. ರೊಟ್ಟಿಯ ಹಿಟ್ಟು ಯಾರ ಭಾಗದ ರಾಗಿಯದು ಎಂದು ಕೇಳುವಷ್ಟು ನಾನು ಕೆಟ್ಟವನಲ್ಲ.

ಅದಕ್ಕೆ ಮುಂಚೆ ನಾನು ಸೈಕಲ್ಲಿನ ಚೈನು ಹಾಕಿದ್ದು ಬಿಟ್ಟರೆ ಯಾವ ಯಂತ್ರವನ್ನೂ ಮುಟ್ಟಿದವನಲ್ಲ. ಆದರೆ ಶಿಸ್ತಿನಿಂದ ಮಾಡಿದರೆ ಆಗದ ಕೆಲಸವಿಲ್ಲವೆಂದು ಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿದ್ದೆ. ಜೀಪಿನ ರಿಪೇರಿಯ ಪುಸ್ತಕವೊಂದನ್ನು ಸಂಪಾದಿಸಿದೆ. ಬಿಚ್ಚಿದ ಪ್ರತಿಯೊಂದು ನಟ್ಟು ಬೋಲ್ಟನ್ನೂ ಬೇರೆ ಬೇರೆ ತೆಂಗಿನ ಚಿಪ್ಪಿನಲ್ಲಿ ಹಾಕಿ, ಚಿಪ್ಪಿನ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಬಚ್ಚಲಿನ ಹಿಂಗೋಡೆಯ ಉದ್ದಕ್ಕೂ ಸಾಲಾಗಿ ಜೋಡಿಸಿದೆ. ನೋಡಿದವರಿಗೆ ಯಾವುದೋ ವ್ರತದ ನೈವೇದ್ಯದಂತೆ ಕಾಣುತ್ತಿತ್ತು.

ನನಗೇ ಆಶ್ಚರ್ಯವಾದ ಸಂಗತಿಯೆಂದರೆ, ಅಷ್ಟು ವರ್ಷ ನಿಂತ ಗಾಡಿಯ ಬೋಲ್ಟುಗಳು ನನ್ನ ಸ್ಪಾನರಿಗೆ ತಟ್ಟನೆ ಬಿಚ್ಚಿಕೊಂಡವು. ಪುಸ್ತಕದಲ್ಲಿ ಹೇಳಿದಂತೆ ತುಕ್ಕು ಹಿಡಿದು ಕೂತಿರಲಿಲ್ಲ. ಇದು ನಾನು ಸ್ಪಾನರ್ ಹಿಡಿಯುವ ಕೋನದ ಫಲವೆಂದು ನನಗೆ ಮನವರಿಕೆಯಾಯಿತು. ಸೋಮವಾರ ಶಾಲೆಯಲ್ಲಿ ಬಿಡುವಿನ ವೇಳೆ ಇತರ ಮೇಷ್ಟ್ರುಗಳಿಗೆ ಆ ಕೋನವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹಿಂದಿ ಮೇಷ್ಟ್ರು ಆಕಳಿಸಿದರು. ಅದೂ ನೆನಪಿದೆ.

ಎಂಜಿನ್ನಿನ ಮೇಲ್ಭಾಗವನ್ನು, ಅಂದರೆ ಹೆಡ್ಡನ್ನು, ತುಮಕೂರಿನ ಹೊರಗೆ ಅಂತರಸನಹಳ್ಳಿಯಲ್ಲಿದ್ದ ಒಂದು ಲೇತ್ ಶಾಪಿಗೆ ಕೊಂಡೊಯ್ಯಬೇಕಾಯಿತು. ಎಣ್ಣೆ ಸೋರೀತೆಂದು ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು ಬಗ್ಗಿ ನೋಡಿ, "ಏನ್ ಮೇಷ್ಟ್ರೇ, ಗಂಡೋ ಹೆಣ್ಣೋ?" ಎಂದ. ಬಸ್ಸಿನಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಲೇತ್ ಶಾಪಿನ ಖಾದರ್ ಸಾಬರು ಪಂಚೆ ಬಿಚ್ಚಿ ನೋಡಿ, ಬೆರಳಲ್ಲಿ ಒರಸಿ, "ಇದು ವರ್ಷಗಟ್ಲೆ ನಿಂತಿದ್ದ ಗಾಡೀದು ಅಂದ್ರೆ ನಾನು ನಂಬಲ್ಲ ಸಾರ್. ಯಾರೋ ಚೆನ್ನಾಗಿ ನೋಡ್ಕೊಂಡವ್ರೆ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ನೋಡಿಕೊಂಡವನು ನಾನೇ ಎಂದು ಅವರಿಗೆ ಗೊತ್ತಾಗಿದೆ ಎಂದುಕೊಂಡೆ.

ಮಧ್ಯದಲ್ಲಿ ಒಂದು ಭಾನುವಾರ ಹೋಗಿ ನೋಡುತ್ತೇನೆ, ಬಚ್ಚಲಿನ ಹಿಂದೆ ನನ್ನ ಚಿಪ್ಪಿನ ಸಾಲಿನಲ್ಲಿ ಅರ್ಧವಿಲ್ಲ. ನಮ್ಮ ಕಡೆ ಸ್ನಾನದ ಹಂಡೆಗೆ ಉರಿ ಹಾಕುವುದು ತೆಂಗಿನ ಚಿಪ್ಪಿನಿಂದಲೇ ಎಂಬುದನ್ನು ನಾನು ಹೇಗೆ ಮರೆತೆನೋ ಕಾಣೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನಸುಕಿನಲ್ಲಿ ಕೈಗೆ ಸಿಕ್ಕಿದಷ್ಟನ್ನು ಬಾಚಿ ಒಲೆಗೆ ತುಂಬಿದ್ದರು. ಗೇರ್‌ಬಾಕ್ಸಿನ ಬೋಲ್ಟುಗಳೆಲ್ಲ ಉರಿಯಲ್ಲಿ ಬೆಂದು ಅಣ್ಣನ ಸ್ನಾನದ ನೀರು ಕಾಯಿಸಿದ್ದವು.

"ನಂಗೇನ್ ಗೊತ್ತು ಮೈದುನರೇ? ಚಿಪ್ಪು ಅಂದ್ರೆ ಚಿಪ್ಪೇಯ. ಅದರೊಳಗೆ ಕಬ್ಣ ಮಡಗ್ತಾರೆ ಅಂತ ಯಾರ್ ಕಂಡವ್ರೆ?" ಎಂದರು ಅತ್ತಿಗೆ.

ಇದು ಅಣ್ಣನದೇ ಸಂಚು ಎಂದು ನಾನು ಆ ದಿನ ಬಸ್ಸಿನಲ್ಲಿ ಗುಬ್ಬಿ ತಲುಪುವಷ್ಟರಲ್ಲಿ ನಿರ್ಧರಿಸಿಯಾಗಿತ್ತು. ಮುಂದಿನ ಭಾನುವಾರ ಹೋದರೆ ಬೋಲ್ಟುಗಳನ್ನೆಲ್ಲ ಬೂದಿಯಿಂದ ಹೆಕ್ಕಿ, ತೊಳೆದು, ಸಂಖ್ಯೆ ಬರೆದ ಹೊಸ ಚಿಪ್ಪುಗಳಲ್ಲಿ ಹಾಕಿಟ್ಟಿದ್ದರು; ಒಂದೊಂದೂ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಅತ್ತಿಗೆಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಆದರೆ ಒಂದಾದರೂ ಸರಿಯಾದ ಸಂಖ್ಯೆಯ ಚಿಪ್ಪಿನಲ್ಲಿರಲಿಲ್ಲ. ಆ ಅಸಡ್ಡೆಯನ್ನು ನಾನು ಅವ್ವನಿಗೆ ಎರಡು ಸಲ ಹೇಳಿದೆ. ಅವ್ವ ನನ್ನ ಮುಖ ನೋಡಿ, "ರೊಟ್ಟಿ ಆರೋಯ್ತದೆ, ತಿನ್ನು" ಎಂದಳು.

ಹೀಗೆ ವರ್ಷಗಳು ಕಳೆದವು. ಎಂಬತ್ತರ ದಶಕ ಕಣ್ಣು ಬಿಡುವ ಹೊತ್ತಿಗೆ ಎಂಜಿನ್ನು ಮೊದಲ ಸಲ ಕೆಮ್ಮಿ, ಕೊಟ್ಟಿಗೆಯ ತುಂಬ ಹೊಗೆ ಉಗುಳಿ, ನಿಂತು, ಮತ್ತೆ ಕೆಮ್ಮಿ, ನಡುಗುತ್ತಾ ಉಸಿರಾಡತೊಡಗಿತು. ಕೋಳಿಗಳು ಹಾರಿಹೋದವು. ನಾನು ಅಂಗಳದ ಕಡೆ ನೋಡಿದೆ. ಅಣ್ಣ ಕೊಬ್ಬರಿಯ ರಾಶಿಯ ಬಳಿ ಒಂದು ಕಾಯಿಯನ್ನು ಕಿವಿಗೆ ಹಿಡಿದು ನಿಂತಿದ್ದ. ಎಂಜಿನ್ ನಿಲ್ಲಿಸುವವರೆಗೂ ಅದನ್ನು ಕಿವಿಯಿಂದ ಇಳಿಸಲಿಲ್ಲ. ಆ ಸದ್ದಿನಲ್ಲಿ ಕಾಯಿಯ ಒಳಗೆ ಏನು ಕೇಳಿಸುತ್ತಿತ್ತು ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ.

ಆ ವರ್ಷವೇ ಕುಣಿಗಲ್ಲಿಗೆ ಕೊಟ್ಟಿದ್ದ ನಮ್ಮ ತಂಗಿ ಪಾರ್ವತಿ ಹೊಸ ಮನೆ ಕಟ್ಟಿಸಿದಳು. ಕಾರ್ತಿಕ ಮಾಸದಲ್ಲಿ ಗೃಹಪ್ರವೇಶ. ಹೊಸ ಮನೆಯ ಹೊಸ್ತಿಲು ದಾಟುವಾಗ ಹೆಣ್ಣುಮಗಳು ತವರಿನಿಂದ ಬಂದ ಸೀರೆ ಉಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವಳು ಕರೆಯಲು ಚೇಳೂರಿಗೆ ಬಂದದ್ದು ಭಾನುವಾರ. ಅಣ್ಣ ಜಗಲಿಯ ಮೇಲಿದ್ದ, ನಾನು ಗಾಡಿಯ ಕೆಳಗಿದ್ದೆ. ಅವಳು ಅಂಗಳದ ನಡುವೆ ನಿಂತು ಇಬ್ಬರಿಗೂ ಕೇಳುವಂತೆ ಹೇಳಿದಳು:

"ಅವ್ವನ್ನ ಕರ್ಕೊಂಡು ಇಬ್ರೂ ಒಂದೇ ಗಾಡೀಲಿ ಬರ್ಬೇಕು. ಒಬ್ಬ ಬಸ್ನಾಗೆ, ಒಬ್ಬ ಲಾರಿನಾಗೆ ಬಂದು ಒಬ್ಬೊಬ್ರು ಒಂದೊಂದು ಸೀರೆ ಕೊಟ್ರೆ ನಾನು ಒಂದನ್ನೂ ಉಡಲ್ಲ. ಇರೋ ಹಳೇ ಸೀರೇಲೇ ಒಳೀಕೆ ಹೋಯ್ತೀನಿ. ನಮ್ಮ ಅತ್ತೆ ಮನೆಯೋರು ನೋಡಿ ನಗ್ಲಿ."

ಗಾಡಿಯ ಕೆಳಗಿನಿಂದ ನನಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಜಗಲಿಯಿಂದ ಅಣ್ಣ, "ಯಾವ ಗಾಡೀಲಿ?" ಎಂದ. ನಾನು ಕೆಳಗಿನಿಂದಲೇ, "ಈ ಗಾಡಿಯಲ್ಲಿ" ಎಂದೆ. ಭಾಗವಾದ ಮೇಲೆ ನಾವಿಬ್ಬರೂ ಆಡಿದ ಮೊದಲ ಮಾತು ಅದು. ಅವಳ ಮೂಲಕ ಆಡಿದ್ದರಿಂದ ನಾನು ಸೋತಂತಾಗಲಿಲ್ಲ.

ಗೃಹಪ್ರವೇಶದ ಹಿಂದಿನ ಸಂಜೆ ಮಳೆ ಹುಯ್ದಿತು. ಬೆಳಗಿನ ಜಾವಕ್ಕೆ ಮಳೆ ನಿಂತು ಚಳಿ ಬಿದ್ದಿತ್ತು. ಕೊಟ್ಟಿಗೆಯಿಂದ ರಸ್ತೆಗೆ ಹತ್ತುವ ಏರು ಕೆಸರಾಗಿತ್ತು. ಅವ್ವ ತವರಿನ ಸೀರೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬದಿಗೆ ಕೂತಳು. ಅಣ್ಣ ಬಿಳಿ ಪಂಚೆ ಉಟ್ಟು, ಬೇಕಾದರೆ ತಳ್ಳಲೆಂದು ಗಾಡಿಯ ಹಿಂದೆ ನಿಂತ. ನಾನು ಗೇರು ಹಾಕಿ ಕ್ಲಚ್ ಬಿಟ್ಟೆ. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ, ಕೆಸರನ್ನು ಎತ್ತಿ ನೇರವಾಗಿ ಅಣ್ಣನ ಪಂಚೆಗೆ ಹೊಡೆದವು. ಗಾಡಿ ಇದ್ದಲ್ಲೇ ಇತ್ತು.

ನಾನು ಗಾಬರಿಯಾಗಲಿಲ್ಲ. ಇದಕ್ಕಾಗಿಯೇ ಅಷ್ಟು ಭಾನುವಾರಗಳನ್ನು ಕಾದಿದ್ದೆ ಎಂದರೂ ಸರಿ. ಕೆಂಪು ಗುಂಡಿನ ಮೇಲೆ ಕೈಯಿಟ್ಟೆ. ಈಗ ಕೈ ತೆಗೆ ಎನ್ನುವವರು ಯಾರೂ ಇರಲಿಲ್ಲ. ಎಳೆದೆ. ಲಿವರ್ ಅಲುಗಲಿಲ್ಲ. ಎರಡೂ ಕೈಯಿಂದ ಎಳೆದೆ. ಸಿಮೆಂಟಿನಲ್ಲಿ ನೆಟ್ಟಂತಿತ್ತು. ಹಿಂದಿನ ಭಾನುವಾರವಷ್ಟೇ ಅದರ ಕೀಲಿಗೆ ನಾನೇ ಗ್ರೀಸು ತುಂಬಿದ್ದೆ. ಬೆರಳ ತುದಿಯಿಂದ ಎಳೆದರೂ ಬರುತ್ತಿತ್ತು.

ಅಣ್ಣ ಕಿಟಕಿಯ ಬಳಿ ಬಂದು ಒಳಗೆ ಇಣುಕಿದ. ನನ್ನ ಕೈಯನ್ನು ನೋಡಿದ, ಲಿವರನ್ನು ನೋಡಿದ. ತಿರುಗಿ ಮನೆಯ ಕಡೆ ನಡೆದುಬಿಟ್ಟ.

"ಹೊಂಟೋದ್ನಲ್ಲೋ" ಎಂದಳು ಅವ್ವ.

"ಹೋಗಲಿ ಬಿಡವ್ವ."

"ಅವ್ನು ಬರ್ದೆ ಇದ್ರೆ ಈ ಸೀರೆ ನಾನು ಯಾವ ಮಕ ಇಟ್ಕೊಂಡು ಕೊಡ್ಲಿ?" ಅವಳು ತಟ್ಟೆಯ ಮೇಲಿನ ವಸ್ತ್ರವನ್ನು ಎಳೆದು ಸರಿಮಾಡಿದಳು, ಮತ್ತೆ ಎಳೆದು ಸರಿಮಾಡಿದಳು. ನಾನು ಸ್ಟೇರಿಂಗನ್ನು ಹಿಡಿದು ಕೂತೆ. ಆ ಜಗಲಿಯ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಡಿ ನಿಂತಿತ್ತು. ನಾನೂ.

ಅಷ್ಟರಲ್ಲಿ ಅಣ್ಣ ವಾಪಸು ಬಂದ. ಕೈಯಲ್ಲಿ ಹಂಡೆಯಿಂದ ತೋಡಿದ ಕುದಿಯುವ ನೀರಿನ ದೊಡ್ಡ ಚೊಂಬು, ಸುಡದಂತೆ ಅದಕ್ಕೆ ಸುತ್ತಿದ ಗೋಣಿಯ ತುಂಡು. "ಕಾಲೆತ್ತು" ಎಂದ. ಲಿವರಿನ ಬುಡದಲ್ಲಿದ್ದ ತಗಡಿನ ಮುಚ್ಚಳವನ್ನು, ದಿನವೂ ತೆಗೆಯುವ ಡಬ್ಬಿಯ ಮುಚ್ಚಳದಂತೆ, ನೋಡದೆಯೇ ತೆಗೆದ. ಒಳಗೆ ಕೀಲಿನ ಸುತ್ತ ನನ್ನ ಕಪ್ಪು ಗ್ರೀಸಿನ ಗುರುತೂ ಇರಲಿಲ್ಲ. ಬೆಳ್ಳಗೆ ಏನೋ ಹೆಪ್ಪುಗಟ್ಟಿ ಕೂತಿತ್ತು. ಅವನು ಸಣ್ಣ ಧಾರೆಯಾಗಿ ನೀರು ಹುಯ್ದ. ಬೆಳ್ಳಗಿದ್ದದ್ದು ಕರಗಿತು. ಆವಿಯ ಜೊತೆಗೆ ಎಣ್ಣೆಸ್ನಾನದ ದಿನ ಬಚ್ಚಲಿನಿಂದ ಬರುವ ವಾಸನೆ ಗಾಡಿಯ ತುಂಬ ಹರಡಿತು.

ನಮ್ಮ ಅಂಗಳದಲ್ಲಿ ಸದಾ ಇರುವ ವಾಸನೆ ಅದು. ಅದಕ್ಕೇ ಅಷ್ಟು ವರ್ಷ ನನ್ನ ಮೂಗಿಗೆ ಬಿದ್ದಿರಲಿಲ್ಲ.

ಅಣ್ಣ ಚೊಂಬನ್ನು ಗೋಡೆಯ ಮೇಲಿಟ್ಟು ಬಂದು, ಅವ್ವನನ್ನು ದಾಟಿಕೊಂಡು ನಡುವೆ ಕೂತ. ಲಿವರ್ ಅವನ ಮೊಣಕಾಲಿಗೆ ತಾಗುತ್ತಿತ್ತು. "ಹೊಡಿ" ಎಂದ. ನಾನು ಗೇರು ಹಾಕಿ, ಎಡಗೈಯನ್ನು ಕೆಂಪು ಗುಂಡಿನ ಕಡೆ ಚಾಚಿದೆ. ಅಲ್ಲಿ ಆಗಲೇ ಅವನ ಕೈಗಳಿದ್ದವು, ಎರಡೂ. ರಸ್ತೆಯನ್ನೇ ನೋಡುತ್ತಾ ಅವನು ಲಿವರ್ ಎಳೆದ. ಮುಂದಿನ ಗಾಲಿಗಳು ನೆಲ ಕಚ್ಚಿದವು. ಗಾಡಿ ಒಮ್ಮೆ ಮೈ ಕೊಡವಿ, ಕೆಸರನ್ನು ತುಳಿದು, ಗೊಣಗುತ್ತಾ ರಸ್ತೆಗೆ ಹತ್ತಿತು.

ಇಲ್ಲಿ ಓದುಗರು ನನ್ನ ಸ್ಥಿತಿಯನ್ನು ಸ್ವಲ್ಪ ವಿಚಾರಿಸಬೇಕು. ಗಾಡಿಯನ್ನು ಬಿಚ್ಚಿದವನು ನಾನು, ಕಟ್ಟಿದವನು ನಾನು, ಹೆಡ್ಡನ್ನು ಮಗುವಿನಂತೆ ಹೊತ್ತು ಬಸ್ಸಿನಲ್ಲಿ ನಗೆಗೀಡಾದವನು ನಾನು. ಹುಡುಗನಾಗಿದ್ದಾಗಿನಿಂದ ಕಾದಿದ್ದ ಆ ಒಂದು ಎಳೆತ ಮಾತ್ರ ಮತ್ತೆ ಅವನ ಪಾಲಾಯಿತು.

ಗುಬ್ಬಿ ದಾಟಿದ ಮೇಲೆ ನಾನು, ಯಾರನ್ನೂ ಉದ್ದೇಶಿಸದೆ, "ಲಿವರಿನ ಗ್ರೀಸು ಒರೆಸಿ ಎಣ್ಣೆ ಹಾಕಿದ್ದು ಯಾರು?" ಎಂದೆ.

"ಎದುರಿಗೆ ಬಸ್ಸು ಬತ್ತಾ ಐತೆ. ನೋಡ್ಕೊಂಡು ಹೊಡಿ" ಎಂದ ಅಣ್ಣ.

ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಇನ್ಯಾರು? ನಿಮ್ಮಪ್ಪ ಹೋದಾಗ್ನಿಂದ ಅಮಾಸೆ ಅಮಾಸೆಗೆ ತಕ್ಕಡಿಗೆ, ಕತ್ತಿಗೆ ಪೂಜೆ ಮಾಡಿ, ದೀಪದಲ್ಲಿ ಉಳಿದ ಎಣ್ಣೆ ತಗೊಂಡೋಗಿ ಈ ಗಾಡೀ ನಟ್ಟು ಬೋಲ್ಟಿಗೆಲ್ಲ ಸವರೋನು ಇವ್ನೇಯ. ಆ ಒಲೇಗ್ ಬಿದ್ದ ಬೋಲ್ಟುಗಳ್ನೂ ಬೂದಿ ಜರಡಿ ಹಿಡ್ದು ತೆಗ್ದವನು ಇವ್ನೇ. ನೆನ್ನೆ ರಾತ್ರಿ ಪ್ರಯಾಣ ಐತಲ್ಲ ಅಂತ ಇನ್ನೊಂದ್ ಗಿಂಡಿ ಹುಯ್ದವ್ನೆ."

"ಸುಮ್ಕಿರವ್ವ ನೀನು" ಎಂದ ಅಣ್ಣ. "ಆ ಕರೀ ಮೆತ್ತು ಅಪ್ಪ ಯಾವತ್ತಾದ್ರೂ ಹಾಕಿದ್ರಾ ಇದಕ್ಕೆ?"

ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಕೃತಜ್ಞತೆಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಮೊದಲು ಎದ್ದದ್ದು ಸ್ಪಾನರಿನ ಕೋನ. ಬೋರ್ಡಿನ ಮೇಲೆ ಬರೆದದ್ದು, ಹಿಂದಿ ಮೇಷ್ಟ್ರು ಆಕಳಿಸಿದ್ದು, ಖಾದರ್ ಸಾಬರ ಮುಂದೆ ತಲೆ ತಗ್ಗಿಸಿದ್ದು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ನಾಲ್ಕು ಜನರ ಮುಂದೆ ಗಾಡಿಯನ್ನೂ ನನ್ನನ್ನೂ ಒಟ್ಟಿಗೆ ಜರೆದವನು, ಮಾತು ಬಿಟ್ಟ ತಮ್ಮ ಬಂದು ಬಿಚ್ಚಲೆಂದು, ಯಾರಿಗೂ ಕಾಣದಂತೆ ಅದೇ ಬೋಲ್ಟುಗಳಿಗೆ ಎಣ್ಣೆ ಸವರುತ್ತಿದ್ದ. ಇಂಥ ಮನುಷ್ಯನ ಮೇಲೆ ಕೋಪವನ್ನು ಯಾವ ತುದಿಯಿಂದ ಹಿಡಿಯಬೇಕು? ಆಡಿದ ಮಾತಿಗೆ ಸಾಕ್ಷಿಗಳಿದ್ದಾರೆ. ಹಾಕಿದ ಎಣ್ಣೆಗೆ ಅವ್ವ ಒಬ್ಬಳೇ. ತುಮಕೂರು ದಾಟಿ ಹೆಬ್ಬೂರು ಬರುವವರೆಗೆ ನಾನು ಇದನ್ನೇ ಕೂಡಿ ಕಳೆದು ನೋಡಿದೆ. ಶೇಷ ಉಳಿಯುತ್ತಲೇ ಇತ್ತು.

ಕುಣಿಗಲ್ಲಿನಲ್ಲಿ ಹೊಸ ಮನೆಯ ಮುಂದೆ ಗಾಡಿ ನಿಂತಾಗ ಪಾರ್ವತಿ ಚಪ್ಪರದಿಂದ ಓಡಿಬಂದಳು. ಅವ್ವ ಇಳಿದಳು, ಅವಳ ಹಿಂದೆ ಕೆಸರು ಮೆತ್ತಿದ ಪಂಚೆಯಲ್ಲಿ ಅಣ್ಣ ಇಳಿದ, ಆಚೆ ಬದಿಯಿಂದ ನಾನು ಇಳಿದೆ. ಅವಳು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ತಟ್ಟೆಯ ಒಂದು ಅಂಚನ್ನು ಅಣ್ಣ, ಇನ್ನೊಂದು ಅಂಚನ್ನು ನಾನು ಹಿಡಿಯುವಂತೆ ಅವ್ವ ಹೇಗೋ ಮಾಡಿದಳು. ಪಾರ್ವತಿ ಸೀರೆಯನ್ನು ಎದೆಗೊತ್ತಿಕೊಂಡು ಒಳಗೆ ಉಡಲು ಹೋದಳು.

ಅವಳ ಗಂಡ ಗಾಡಿಯ ಸುತ್ತ ಒಂದು ಸುತ್ತು ಬಂದು, "ಪರವಾಗಿಲ್ವೇ, ಚೇಳೂರಿಂದ ಎಲ್ಲೂ ನಿಲ್ದೆ ಬಂತಾ?" ಎಂದು ಕೇಳಿದರು. ನಾನು ಉತ್ತರಕ್ಕೆ ಬಾಯಿ ತೆರೆದೆ. ಇದೇ ಆ ಗಳಿಗೆ ಎಂದುಕೊಂಡೆ. ಅಣ್ಣ ಪಂಚೆಯ ಕೆಸರನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ:

"ನಮ್ಮಪ್ಪನ ಗಾಡಿ ಅಲ್ವಾ. ಬರ್ದೆ ಏನ್ ಮಾಡ್ತದೆ?"

ಇಷ್ಟೇ. ಜಗಲಿಯ ಮಾತನ್ನು ಅವನು ಅಂದೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆಮೇಲೂ ತೆಗೆದುಕೊಳ್ಳಲಿಲ್ಲ. ನಾನೂ ಅದನ್ನು ಮನ್ನಾ ಮಾಡಿಲ್ಲ.

ಗಾಡಿಯನ್ನು ನಾನು ತುಮಕೂರಿಗೆ ತಂದು ಬಹಳ ವರ್ಷ ಓಡಿಸಿದೆ. ಕಣ್ಣಿಗೆ ಪೊರೆ ಬಂದ ಮೇಲೆ ಅದು ಹಿತ್ತಲ ಶೆಡ್ಡಿನಲ್ಲಿ ನಿಂತಿದೆ. ಅಣ್ಣ ಪ್ರತಿ ವರ್ಷ ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲೆ ಒಂದು ಸಲ ನಮ್ಮ ಮನೆಗೆ ಬರುತ್ತಿದ್ದ. ಕಾಫಿ ಕುಡಿಯುತ್ತಿದ್ದ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದ, ತಡವಾಗಿ ಹಿಂತಿರುಗುತ್ತಿದ್ದ. ಅವನ ಬೆರಳುಗಳಿಂದ ಬರುವ ವಾಸನೆ ನನಗೆ ತಿಳಿಯುತ್ತಿತ್ತು. ಅವನು ಹೋದ ಮರುದಿನ ನಾನು ಸೀಮೆಎಣ್ಣೆಯಿಂದ ಲಿವರಿನ ಕೀಲನ್ನು ತೊಳೆದು, ಶಾಸ್ತ್ರೋಕ್ತವಾಗಿ ಗ್ರೀಸು ತುಂಬುತ್ತಿದ್ದೆ. ಕೊಬ್ಬರಿ ಎಣ್ಣೆ ಯಂತ್ರಕ್ಕೆ ಹಾಕುವ ಪದಾರ್ಥವಲ್ಲ. ಇದರಲ್ಲಿ ನನ್ನ ಅಭಿಪ್ರಾಯ ಎಳ್ಳಷ್ಟೂ ಬದಲಾಗಿಲ್ಲ. ಇಬ್ಬರೂ ಈ ವಿಷಯವನ್ನು ಒಬ್ಬರೊಡನೊಬ್ಬರು ಎತ್ತಿದ್ದಿಲ್ಲ.

ಈ ವರ್ಷ ಅವನು ಬರಲಿಲ್ಲ. ಮೊಣಕಾಲು ಬಸ್ಸು ಹತ್ತಲು ಬಿಡುತ್ತಿಲ್ಲವಂತೆ. ಇವತ್ತು ಬೆಳಿಗ್ಗೆ ಬಾಟಲಿ ಬೆಳ್ಳಗಾಗಿತ್ತು. ಸೊಸೆ ಅದನ್ನು ಗೋಡೆಯ ಮೇಲಿಟ್ಟು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಫೋನು ಬಂತು.

"ಏನ್ಲಾ ಸಣ್ಣೋನೆ, ಚಳಿ ಹೆಂಗೈತೆ ಅಲ್ಲಿ?" ಎಂದ ಅಣ್ಣ.

"ಎಣ್ಣೆ ಹೆಪ್ಪುಗಟ್ಟಿದೆ" ಎಂದೆ.

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳುವವರ ದನಿಯಲ್ಲಿ ಹೇಳಿದ:

"ಹಂಗಾರೆ ಬಿಸ್ಲಿಗಿಟ್ಟು, ಕರಗಿದ ಮ್ಯಾಕೆ ಹಾಕು ಕಣ್ಲಾ."

ಬಾಟಲಿ ಈಗ ನನ್ನ ಎದುರಿನ ಗೋಡೆಯ ಮೇಲಿದೆ. ಅಂಚಿನಲ್ಲಿ ಕರಗತೊಡಗಿದೆ, ನಡುವೆ ಇನ್ನೂ ಒಂದು ಬಿಳಿಯ ಉಂಡೆ ಉಳಿದಿದೆ. ಗ್ರೀಸಿನ ಡಬ್ಬಿಯನ್ನು ನಾನು ಹೊರಗೆ ತೆಗೆದಿಲ್ಲ.